ಸಿಂಧುವಾದದ್ದು, ಸಲ್ಲುವಂಥದ್ದು

ಗ್ರಾಮ ಪಂಚಾಯಿತಿ ಚುನಾವಣೆಯ ಮತ ಎಣಿಕೆಯನ್ನು ಹತ್ತಿರದಿಂದ ಕಂಡವರಿಗೆ ಈ ದೃಶ್ಯ ಹೊಸದಲ್ಲ. ಮೇಜಿನ ಮೇಲೆ ಮತಪತ್ರಗಳ ರಾಶಿ. ಸಿಬ್ಬಂದಿ ಒಂದೊಂದನ್ನೇ ಬಿಡಿಸಿ, ಚಿಹ್ನೆ ನೋಡಿ, ಆಯಾ ಅಭ್ಯರ್ಥಿಯ ಕಟ್ಟಿಗೆ ಸೇರಿಸುತ್ತಾ ಹೋಗುತ್ತಾರೆ. ನಡುವೆ ಒಂದು ಮತಪತ್ರ ಬರುತ್ತದೆ. ಅದರಲ್ಲಿ ಮೊಹರು ಎರಡು ಚಿಹ್ನೆಗಳ ನಡುವಿನ ಗೆರೆಯ ಮೇಲೆ ಬಿದ್ದಿದೆ. ಎರಡೂ ಕಡೆಯ ಏಜೆಂಟರು ಮೇಜಿನ ಮೇಲೆ ಬಗ್ಗಿ ತಮ್ಮದು ತಮ್ಮದು ಎನ್ನುತ್ತಾರೆ. ಚುನಾವಣಾಧಿಕಾರಿ ಅದನ್ನು ಅತ್ತ ತಿರುಗಿಸಿ ಇತ್ತ ತಿರುಗಿಸಿ ನೋಡಿ ಒಂದೇ ಮಾತು ಹೇಳುತ್ತಾರೆ: 'ಅಸಿಂಧು.' ಅಲ್ಲಿಗೆ ಮುಗಿಯಿತು. ಬಿಸಿಲಿನಲ್ಲಿ ಸಾಲು ನಿಂತು ಮತ ಹಾಕಿ ಹೋದ ಮನುಷ್ಯನ ಇಷ್ಟ ಏನಿತ್ತೋ, ಅದು ಲೆಕ್ಕದಿಂದ ಹೊರಗೆ. ಪಂಚಾಯಿತಿ ವಾರ್ಡುಗಳಲ್ಲಿ ಗೆಲುವು ಒಂದೆರಡು ಮತಗಳ ಅಂತರದಲ್ಲಿ ತೀರ್ಮಾನವಾಗುವುದುಂಟು. ಹಾಗಾಗಿ ಆ ಮೂರಕ್ಷರದ ಮಾತಿಗೆ ಎಷ್ಟು ತೂಕವಿದೆ ಎಂಬುದು ಸೋತವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಲೋಕಸಭೆ, ವಿಧಾನಸಭೆಗಳಿಗೆ ಮತಯಂತ್ರ ಬಂದ ಮೇಲೆ ಈ ಮಾತು ಅಲ್ಲಿ ಹೆಚ್ಚು ಕೇಳಿಸುವುದಿಲ್ಲ. ಆದರೆ 2020ರ ಪಂಚಾಯಿತಿ ಚುನಾವಣೆ ಬೀದರ್ ಜಿಲ್ಲೆಯೊಂದನ್ನು ಬಿಟ್ಟರೆ ಮತಪತ್ರದಲ್ಲೇ ನಡೆಯಿತು. ವಿಧಾನ ಪರಿಷತ್ತಿನ ಪದವೀಧರರ ಮತ್ತು ಶಿಕ್ಷಕರ ಕ್ಷೇತ್ರಗಳಲ್ಲೂ ಮತಪತ್ರವೇ. ಅಲ್ಲಿನ ಕಥೆ ಇನ್ನೂ ಸ್ವಾರಸ್ಯದ್ದು. ಮೊಹರು ಒತ್ತುವಂತಿಲ್ಲ. ಮತಗಟ್ಟೆಯಲ್ಲಿ ಕೊಟ್ಟ ನೇರಳೆ ಶಾಯಿಯ ಪೆನ್ನಿನಿಂದಲೇ 1, 2, 3 ಎಂದು ಪ್ರಾಶಸ್ತ್ಯದ ಅಂಕಿ ಬರೆಯಬೇಕು. 'ಒಂದು' ಎಂದು ಅಕ್ಷರದಲ್ಲಿ ಬರೆದರೆ, ಸರಿ ಗುರುತು ಹಾಕಿದರೆ, ಅಭ್ಯಾಸಬಲದಿಂದ ಕೆಳಗೆ ಸಹಿ ಮಾಡಿದರೆ ಮತ ಕೆಟ್ಟಿತು. ಓದು ಬಾರದ ಹಳ್ಳಿಯವರು ಮೊಹರು ತಪ್ಪಿ ಒತ್ತುತ್ತಾರೆ ಎಂದು ನಗುವವರು ಒಮ್ಮೆ ಪದವೀಧರರ ಕ್ಷೇತ್ರದ ಎಣಿಕೆ ನೋಡಬೇಕು. ಪ್ರತಿ ಸಲವೂ ಅಲ್ಲಿ ಅಸಿಂಧು ಮತಗಳ ಕಟ್ಟು ದಪ್ಪವಾಗಿಯೇ ಇರುತ್ತದೆ!

ಈ ಉಪನ್ಯಾಸದ ವಿಷಯ ಈ ಸಿಂಧು, ಅಸಿಂಧು. ಇಂಗ್ಲಿಷಿನಲ್ಲಿ ಸಿಂಧುವಾದದ್ದನ್ನು 'ವ್ಯಾಲಿಡ್' ಎನ್ನುತ್ತಾರೆ. ಸಿಂಧುವೆಂದು ಘೋಷಿಸುವ ಕ್ರಿಯೆಯನ್ನು 'ವ್ಯಾಲಿಡೇಷನ್' ಎನ್ನುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಈ ಪದ ಕಚೇರಿಯಿಂದ ಬೀದಿಗೂ ಬಂದಿದೆ. ಮೊಬೈಲಿನಲ್ಲಿ ಫೋಟೋ ಹಾಕಿ ಎಷ್ಟು ಜನ ಮೆಚ್ಚಿದರು ಎಂದು ಎಣಿಸುವ ಹುಡುಗ 'ವ್ಯಾಲಿಡೇಷನ್' ಬಯಸುತ್ತಾನೆ ಎನ್ನುತ್ತಾರೆ. ಮನಶ್ಶಾಸ್ತ್ರ ಬಲ್ಲ ಸಲಹೆಗಾರರು, ಎದುರಿಗಿರುವವರ ದುಃಖವನ್ನು ತಳ್ಳಿಹಾಕದೆ 'ನಿನಗೆ ಹಾಗನ್ನಿಸಿದ್ದು ಸಹಜವೇ' ಎಂದು ಒಪ್ಪಿಕೊಳ್ಳುವುದಕ್ಕೂ ಇದೇ ಪದ ಬಳಸುತ್ತಾರೆ. ಮತಪತ್ರಕ್ಕೂ ಮನಸ್ಸಿನ ನೋವಿಗೂ ಒಂದೇ ಪದ ಹೇಗೆ ಹೊಂದೀತು ಎಂಬ ಪ್ರಶ್ನೆ ಏಳುವುದು ಸಹಜ. ಉತ್ತರ ಪದದ ಮೂಲದಲ್ಲಿದೆ.

ಲ್ಯಾಟಿನ್ ಭಾಷೆಯಲ್ಲಿ 'ವ್ಯಾಲಿಡಸ್' ಎಂದರೆ ಬಲಶಾಲಿ, ಗಟ್ಟಿಮುಟ್ಟಾದದ್ದು. ನಡೆದಾಡಲು ಬಲವಿಲ್ಲದ ರೋಗಿಯನ್ನು ಇಂಗ್ಲಿಷಿನಲ್ಲಿ 'ಇನ್‌ವ್ಯಾಲಿಡ್' ಎನ್ನುವುದು ಇದೇ ಕಾರಣಕ್ಕೆ. ಕನ್ನಡದ ಕಾನೂನು ಬರವಣಿಗೆಯಲ್ಲಿ ಇದಕ್ಕೆ ಹಳೆಯ ಪದವೊಂದಿದೆ: ಊರ್ಜಿತ. 'ಈ ಕರಾರು ಊರ್ಜಿತವಲ್ಲ' ಎಂದು ದಸ್ತಾವೇಜು ಬರೆಯುವವರು ಈಗಲೂ ಬರೆಯುತ್ತಾರೆ. ಸಂಸ್ಕೃತದ 'ಊರ್ಜ್' ಎಂದರೆ ಶಕ್ತಿ, ಚೈತನ್ಯ. ಭಗವದ್ಗೀತೆಯ ಹತ್ತನೆಯ ಅಧ್ಯಾಯದಲ್ಲಿ ಊರ್ಜಿತ ಪದ ಬಲವುಳ್ಳದ್ದು ಎಂಬ ಅರ್ಥದಲ್ಲೇ ಬಂದಿದೆ. ಎಲ್ಲಿಯ ರೋಮ್, ಎಲ್ಲಿಯ ಮೈಸೂರು! ಎರಡು ಕಡೆಯೂ ಕಾಗದಕ್ಕೆ ಮೈಬಲ ಇರಬೇಕು ಎಂದೇ ಜನ ಭಾವಿಸಿದರು. ಬರೆದದ್ದು ನಿಜವಾಗಿದ್ದರೆ ಸಾಲದು. ಅದರ ಹಿಂದೆ ಯಾರದೋ ಬಲ ನಿಂತಿರಬೇಕು.

ಕನ್ನಡ ಇಷ್ಟಕ್ಕೆ ನಿಲ್ಲಲಿಲ್ಲ. ಸಂದರ್ಭಕ್ಕೊಂದು ಪದ ಇಟ್ಟುಕೊಂಡಿತು. ಮತ ಸಿಂಧು, ನಾಮಪತ್ರ ಕ್ರಮಬದ್ಧ, ಶಾಲೆಗೆ ಮಾನ್ಯತೆ, ಸಾಗುವಳಿ ಸಕ್ರಮ, ನೋಟು ಚಲಾವಣೆಯಲ್ಲಿದೆ, ಸಹಿ ದೃಢೀಕೃತ. ಪತ್ರಿಕೆಯ ಸುದ್ದಿಮೇಜಿನಲ್ಲಿ ಇವನ್ನು ಅದಲುಬದಲು ಮಾಡಿದರೆ ಹಿರಿಯ ಉಪಸಂಪಾದಕರ ಕೆಂಪು ಶಾಯಿ ತಪ್ಪದು. ಇವೆಲ್ಲಕ್ಕಿಂತ ಹಳೆಯದು, ಅಚ್ಚಗನ್ನಡದ್ದು, ಒಂದಿದೆ. ಅದು 'ಸಲ್ಲು'. ಸಲ್ಲುವ ನಾಣ್ಯ, ಸಲ್ಲದ ನಾಣ್ಯ. ಗೌರವ ಸಲ್ಲುತ್ತದೆ, ಕೀರ್ತಿ ಸಲ್ಲುತ್ತದೆ, ದೊಡ್ಡವರೆದುರು ಸಲ್ಲದ ಮಾತಾಡಬಾರದು. ಬಸವಣ್ಣನವರ ಹೆಸರಾಂತ ವಚನವೊಂದು ನಾಣ್ಯ ಅಚ್ಚು ಹಾಕುವ ಜಾಗವನ್ನು ಉಪಮೆಯಾಗಿ ಇಟ್ಟುಕೊಂಡು, ಮನುಷ್ಯರ ಬದುಕನ್ನೇ ಈ ಪದದಿಂದ ತೂಗುತ್ತದೆ.

ಸಿಂಧುವಿಗೂ ಸಲ್ಲುವುದಕ್ಕೂ ವ್ಯತ್ಯಾಸವಿದೆ. ಸಿಂಧು ಎನ್ನುವವರು ಅಧಿಕಾರದಲ್ಲಿರುವವರು. ಸಲ್ಲುತ್ತದೆ ಎನ್ನುವವರು ಸುತ್ತಲಿನ ಜನ. ಎರಡೂ ಒಂದೇ ಕಡೆ ಇದ್ದಾಗ ಯಾರೂ ಈ ಪದಗಳ ಬಗ್ಗೆ ತಲೆ ಕೆಡಿಸಿಕೊಳ್ಳುವುದಿಲ್ಲ. ತೊಡಕು ಶುರುವಾಗುವುದು ಅವೆರಡೂ ಬೇರೆಯಾದಾಗ.

ಹತ್ತು ರೂಪಾಯಿಯ ನಾಣ್ಯವನ್ನು ನೆನಪಿಸಿಕೊಳ್ಳಿ. ಕರ್ನಾಟಕದ ಎಷ್ಟೋ ಊರುಗಳಲ್ಲಿ ತರಕಾರಿ ಅಂಗಡಿಯವರು, ಹೋಟೆಲಿನವರು ಅದನ್ನು 'ನಡೆಯೊಲ್ಲ' ಎಂದು ವಾಪಸು ಕೊಟ್ಟ ಕಾಲವಿತ್ತು. ಕೆಲವು ಕಡೆ ಹತ್ತು ಗೆರೆಯದು ನಡೆಯುತ್ತದೆ, ಹದಿನೈದು ಗೆರೆಯದು ನಡೆಯೊಲ್ಲ ಎಂಬ ಮಾತು ಹಬ್ಬಿತ್ತು. ಭಾರತೀಯ ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲಿ, ಅಲ್ಲಿಯವರೆಗೆ ಬಂದ ಹದಿನಾಲ್ಕು ವಿನ್ಯಾಸಗಳ ನಾಣ್ಯಗಳೂ ಕಾನೂನುಬದ್ಧ ಎಂದು ಪ್ರಕಟಣೆ ಹೊರಡಿಸಬೇಕಾಯಿತು. ಆ ಮೇಲೂ ಅಂಗಡಿಯವರ ಗುಮಾನಿ ತಟ್ಟನೆ ಹೋಗಲಿಲ್ಲ. ಸರ್ಕಾರದ ಟಂಕಸಾಲೆಯಲ್ಲಿ ಅಚ್ಚಾದ, ಪೂರ್ತಿ ಸಿಂಧುವಾದ ನಾಣ್ಯ ಸಂತೆಯಲ್ಲಿ ಸಲ್ಲದೆ ಹೋಯಿತು. ಎರಡು ಸಾವಿರದ ನೋಟಿನದು ಮತ್ತೊಂದು ವಿಚಿತ್ರ. 2023ರ ಮೇ ತಿಂಗಳಲ್ಲಿ ಅದನ್ನು ಚಲಾವಣೆಯಿಂದ ಹಿಂದೆಗೆದುಕೊಳ್ಳುವುದಾಗಿ ಪ್ರಕಟಿಸಿದ ಬ್ಯಾಂಕು, ಅದೇ ಉಸಿರಿನಲ್ಲಿ ಅದರ ಕಾನೂನುಬದ್ಧತೆ ಮುಂದುವರಿಯುತ್ತದೆ ಎಂದಿತು. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟುಗಳಿಗೆ ಆದದ್ದು ಬೇರೆ. ಅವುಗಳ ಬಲವನ್ನೇ ಕಿತ್ತುಕೊಳ್ಳಲಾಯಿತು. ಅದೇ ಕಾಗದ, ಅದೇ ಶಾಯಿ, ಅದೇ ಗಾಂಧೀಜಿ. ನಡುರಾತ್ರಿ ಕಳೆದ ಮೇಲೆ ಅದು ಹಣವಲ್ಲ.

ಹಾಗಾದರೆ ಬಲ ಎಲ್ಲಿಂದ ಬರುತ್ತದೆ? ಹಿಂದಿನವರು ಇದಕ್ಕೆ ಏನು ಮಾಡುತ್ತಿದ್ದರು ಎಂಬುದಕ್ಕೆ ಊರೂರಿನ ಕಲ್ಲುಗಳೇ ಸಾಕ್ಷಿ. ದಾನಶಾಸನದ ಮೇಲ್ಭಾಗದಲ್ಲಿ ಸೂರ್ಯ, ಚಂದ್ರರನ್ನು ಕೆತ್ತುತ್ತಿದ್ದರು. ಅವರಿರುವವರೆಗೆ ದಾನ ನಡೆಯಲಿ ಎಂದು ಅರ್ಥ. ಭೂಮಿಯ ಎಲ್ಲೆ, ತೆರಿಗೆಗಳಿಂದ ವಿನಾಯಿತಿ, ಎಷ್ಟೋ ಕಡೆ ಸಾಕ್ಷಿಗಳ ಹೆಸರು, ಕೊನೆಗೆ ಶಾಪ. ಈ ದಾನ ಕೆಡಿಸಿದವರು ವಾರಣಾಸಿಯಲ್ಲಿ ಗೋವನ್ನು ಕೊಂದ ಪಾಪಕ್ಕೆ ಹೋಗುತ್ತಾರೆ ಎಂಬ ಎಚ್ಚರಿಕೆ. ವಿಜಯನಗರದ ಅರಸರ ತಾಮ್ರಪಟಗಳಲ್ಲಿ ಪಾಠವೆಲ್ಲ ಸಂಸ್ಕೃತದಲ್ಲಿ, ನಂದಿನಾಗರಿ ಲಿಪಿಯಲ್ಲಿ ಇದ್ದರೂ ಕೊನೆಯಲ್ಲಿ ದೊಡ್ಡ ಕನ್ನಡ ಅಕ್ಷರಗಳಲ್ಲಿ 'ಶ್ರೀ ವಿರೂಪಾಕ್ಷ' ಎಂಬ ಒಪ್ಪ ಇರುತ್ತದೆ. ಅದು ಅರಸನ ಸಹಿ. ಆದರೆ ಅರಸನ ಹೆಸರಲ್ಲ, ಹಂಪಿಯ ದೇವರ ಹೆಸರು. ಅರಸ ಸತ್ತರೂ, ವಂಶ ಬದಲಾದರೂ ಕಾಗದ ಬಿದ್ದುಹೋಗಬಾರದು ಎಂದರೆ ಸಾಯದವರೊಬ್ಬರ ಬಲ ಬೇಕು ತಾನೆ? ಆಳುವವರು ತಾವು ಕೊಟ್ಟದ್ದನ್ನು ತಮ್ಮ ಮುಂದಿನವರು ಕಿತ್ತುಕೊಳ್ಳಬಹುದೆಂದು ಚೆನ್ನಾಗಿ ಬಲ್ಲವರಾಗಿದ್ದರು ಎಂಬುದೂ ಈ ಶಾಪಗಳಿಂದ ತಿಳಿಯುತ್ತದೆ.

ಕಾರ್ಖಾನೆಗಳಲ್ಲಿ, ಅದರಲ್ಲೂ ಔಷಧಿ ತಯಾರಿಕೆಯಲ್ಲಿ ಈ ಪದಕ್ಕೆ ಇನ್ನೊಂದು ಬಳಕೆ ಇದೆ. ಅದು ಬಂದದ್ದು ಸಾವುಗಳಿಂದ. 1972ರಲ್ಲಿ ಇಂಗ್ಲೆಂಡಿನ ಡೆವನ್‌ಪೋರ್ಟ್ ಎಂಬಲ್ಲಿನ ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಹನಿಹನಿಯಾಗಿ ಕೊಡುವ ಡೆಕ್ಸ್‌ಟ್ರೋಸ್ ದ್ರಾವಣದಲ್ಲಿ ರೋಗಾಣು ಸೇರಿಕೊಂಡು ರೋಗಿಗಳು ಸತ್ತರು. ವಿಚಾರಣೆ ನಡೆದಾಗ ತಿಳಿದದ್ದೇನು? ಬಾಟಲಿಗಳನ್ನು ಹಬೆಯ ಪೆಟ್ಟಿಗೆಯಲ್ಲಿ ಕಾಯಿಸುವಾಗ ಕೆಳಗಿನ ಸಾಲಿನವುಗಳಿಗೆ ಸಾಕಷ್ಟು ಶಾಖ ತಲುಪಿರಲಿಲ್ಲ. ಮೇಲಿನ ಸಾಲಿನಿಂದ ನಾಲ್ಕು ಬಾಟಲಿ ತೆಗೆದು ಪರೀಕ್ಷಿಸಿದರೆ ಅವು ಶುದ್ಧವಾಗಿಯೇ ಇರುತ್ತವೆ. ಆದ್ದರಿಂದ ಬಾಟಲಿಯನ್ನು ಪರೀಕ್ಷಿಸಿದರೆ ಸಾಲದು, ಕಾಯಿಸುವ ವಿಧಾನವೇ ಪ್ರತಿ ಮೂಲೆಗೂ ಶಾಖ ತಲುಪಿಸುತ್ತದೆ ಎಂಬುದನ್ನು ಮೊದಲೇ ಸಾಬೀತು ಮಾಡಬೇಕು ಎಂಬ ನಿಯಮ ಬಲವಾಯಿತು. ಆ ಸಾಬೀತಿಗೆ ವ್ಯಾಲಿಡೇಷನ್ ಎಂದು ಹೆಸರು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1987ರಲ್ಲಿ ಇದಕ್ಕೆ ಮಾರ್ಗಸೂಚಿ ಹೊರಡಿಸಿತು. ಇಲ್ಲಿ ಮುದ್ರೆಯ ಮಾತು ಆಮೇಲೆ. ಬಲ ನಿಜವಾಗಿ ಇದೆಯೇ ಎಂಬುದು ಮೊದಲ ಪ್ರಶ್ನೆ. ಸರ್ಕಾರಿ ಕಚೇರಿಗಳಲ್ಲಿ ಈ ಕ್ರಮ ಸಾಮಾನ್ಯವಾಗಿ ತಿರುಗುಮುರುಗು.

ಕಾನೂನಿನಲ್ಲಿ ವ್ಯಾಲಿಡೇಷನ್ ಎಂದರೆ ಸಾಮಾನ್ಯ ಓದುಗನಿಗೆ ಸ್ವಲ್ಪ ಜಾದೂವಿನಂತೆ ತೋರಬಹುದು. ಹಳ್ಳಿಯವರಿಗೆ ಗೊತ್ತಿರುವುದು ಸಕ್ರಮ. ಬಗರ್ ಹುಕುಂ ಜಮೀನು, ಅಂದರೆ ಹುಕುಮಿಲ್ಲದೆ ಉಳುತ್ತಿದ್ದ ಸರ್ಕಾರಿ ಜಮೀನು, ಅರ್ಜಿ ಹಾಕಿದ ಮೇಲೆ ಸಕ್ರಮವಾಗುತ್ತದೆ. ನಮೂನೆ 50, 53, 57 ಎಂದರೆ ರೈತರಿಗೆ ವಿವರಿಸಿ ಹೇಳಬೇಕಾಗಿಲ್ಲ. ಅಲ್ಲಿ ತಪ್ಪನ್ನು ತಪ್ಪೆಂದು ಒಪ್ಪಿಕೊಂಡು, ಇಂದಿನಿಂದ ಸರಿ ಎನ್ನುತ್ತಾರೆ. ಊರ್ಜಿತಗೊಳಿಸುವುದು ಹಾಗಲ್ಲ. ಅದು ಹಿಂದಕ್ಕೆ ಹೋಗಿ, ಅಂದು ಮಾಡಿದ್ದು ಅಂದೇ ಸರಿಯಾಗಿತ್ತು ಎಂದು ಭಾವಿಸತಕ್ಕದ್ದು ಎನ್ನುತ್ತದೆ. ಕಾಲವನ್ನೇ ಹಿಂದಕ್ಕೆ ತಿರುಗಿಸಿದಂತೆ.

ಗುಜರಾತಿನ ಭರೂಚ್ ಪುರಸಭೆಯ ಮೊಕದ್ದಮೆ ಇದಕ್ಕೆ ಒಳ್ಳೆಯ ಉದಾಹರಣೆ. ಜಗಳ ನಡೆದದ್ದು ಒಂದು ಪದದ ಬಗ್ಗೆ. ಪುರಸಭೆಗಳಿಗೆ ಜಮೀನು, ಕಟ್ಟಡಗಳ ಮೇಲೆ 'ರೇಟ್' ಹಾಕುವ ಅಧಿಕಾರವಿತ್ತು. ಅವು ಆಸ್ತಿಯ ಒಟ್ಟು ಬೆಲೆಯ ಮೇಲೆ ಲೆಕ್ಕ ಹಾಕಿ ವಸೂಲು ಮಾಡಿದವು. ಅಹಮದಾಬಾದಿನ ಇಂಥದೇ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು, ರೇಟ್ ಎಂಬ ಪದಕ್ಕೆ ಕಾನೂನಿನಲ್ಲಿ ವರ್ಷದ ಬಾಡಿಗೆ ಮೌಲ್ಯದ ಮೇಲಿನ ತೆರಿಗೆ ಎಂದೇ ಅರ್ಥ, ಒಟ್ಟು ಬೆಲೆಯ ಮೇಲೆ ಹಾಕಿದ್ದು ಸಲ್ಲದು ಎಂದಿತು. ವಸೂಲಾದ ಹಣ ಹಿಂತಿರುಗಿಸುವ ಪ್ರಸಂಗ. ಗುಜರಾತ್ ವಿಧಾನಸಭೆ 1963ರಲ್ಲಿ ಊರ್ಜಿತಗೊಳಿಸುವ ಕಾಯಿದೆಯೊಂದನ್ನು ತಂದು, ಒಟ್ಟು ಬೆಲೆಯ ಮೇಲಿನ ತೆರಿಗೆಗೂ ಬಲ ಕೊಟ್ಟು, ಹಿಂದಿನ ವಸೂಲಿಯೆಲ್ಲ ಸರಿ ಎಂದಿತು. ಒಂದು ಹತ್ತಿಗಿರಣಿ ಇದನ್ನು ಪ್ರಶ್ನಿಸಿತು. 1969ರಲ್ಲಿ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಅವರ ಪೀಠ ಕಾಯಿದೆಯನ್ನು ಎತ್ತಿಹಿಡಿಯಿತು. ಆದರೆ ಒಂದು ಗೆರೆ ಎಳೆಯಿತು. ನ್ಯಾಯಾಲಯದ ತೀರ್ಪು ಅನ್ವಯಿಸುವುದಿಲ್ಲ ಎಂದು ಶಾಸಕಾಂಗ ಸುಮ್ಮನೆ ಘೋಷಿಸುವಂತಿಲ್ಲ. ಯಾವ ದೋಷದಿಂದ ಕಾಗದ ಬಿದ್ದುಹೋಯಿತೋ ಆ ದೋಷವನ್ನು ತೆಗೆಯಬೇಕು. ಆಗ ಮಾತ್ರ ಬಲ ಬರುತ್ತದೆ.

ಈ ಗೆರೆಯ ಮೇಲೆಯೇ ಕರ್ನಾಟಕವೂ ನಡೆಯಬೇಕಾಯಿತು. ಮೀಸಲಾತಿಯಲ್ಲಿ ಬಡ್ತಿ ಪಡೆದ ನೌಕರರ ಜ್ಯೇಷ್ಠತೆ ಕುರಿತ 2002ರ ರಾಜ್ಯ ಕಾಯಿದೆಯ ಮುಖ್ಯ ಕಲಮುಗಳನ್ನು ಸುಪ್ರೀಂ ಕೋರ್ಟು 2017ರಲ್ಲಿ ಬೀಳಿಸಿತು. ಪ್ರಾತಿನಿಧ್ಯ ಕಡಿಮೆ ಇದೆ ಎಂಬುದಕ್ಕೆ ಅಂಕಿಅಂಶ ಎಲ್ಲಿ ಎಂಬುದು ಆಕ್ಷೇಪ. ಸಾವಿರಾರು ನೌಕರರಿಗೆ ಹಿಂಬಡ್ತಿಯ ಭಯ. ರಾಜ್ಯ ಸರ್ಕಾರ ರತ್ನಪ್ರಭಾ ಸಮಿತಿಯಿಂದ ವರದಿ ತರಿಸಿ, ಅಂಕಿಅಂಶ ಮುಂದಿಟ್ಟು 2018ರಲ್ಲಿ ಹೊಸ ಕಾಯಿದೆ ಜಾರಿಗೆ ತಂದಿತು. 2019ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ಅದನ್ನು ಊರ್ಜಿತವೆಂದಿತು. ಎರಡು ವರ್ಷಗಳ ಈ ನಡುವೆ ಒಬ್ಬೊಬ್ಬ ನೌಕರನ ಕುರ್ಚಿ ಹೇಗೆ ಅಲುಗಾಡಿತು ಎಂಬುದು ವಿಧಾನಸೌಧದ ಸುತ್ತ ಸುಳಿದಾಡುವ ವರದಿಗಾರರಿಗೆಲ್ಲ ನೆನಪಿದೆ.

ಈ ಜಾದೂವನ್ನು ಎಲ್ಲೆ ಮೀರಿ ಬಳಸಿದ್ದೂ ಉಂಟು. ರಾಯಬರೇಲಿಯಿಂದ 1971ರಲ್ಲಿ ಆಯ್ಕೆಯಾಗಿದ್ದ ಪ್ರಧಾನಿ ಇಂದಿರಾ ಗಾಂಧಿ ಅವರ ಚುನಾವಣೆಯನ್ನು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನಲಾಲ್ ಸಿನ್ಹಾ 1975ರ ಜೂನ್ 12ರಂದು ಅಸಿಂಧುಗೊಳಿಸಿದರು. ಹದಿಮೂರು ದಿನಗಳಲ್ಲಿ ತುರ್ತುಪರಿಸ್ಥಿತಿ ಬಂತು. ಆಗಸ್ಟ್ 10ರಂದು ಜಾರಿಗೆ ಬಂದ ಸಂವಿಧಾನದ 39ನೆಯ ತಿದ್ದುಪಡಿ, ಆ ಚುನಾವಣೆ ಊರ್ಜಿತ, ಅದನ್ನು ರದ್ದು ಮಾಡಿದ ತೀರ್ಪಿಗೆ ಬೆಲೆಯಿಲ್ಲ ಎಂದು ಸಂವಿಧಾನದಲ್ಲೇ ಬರೆದುಬಿಟ್ಟಿತು. ಒಬ್ಬ ವ್ಯಕ್ತಿಯ ಒಂದು ಚುನಾವಣೆಗೆ ಇಡೀ ಸಂವಿಧಾನದ ಮೊಹರು! ನವೆಂಬರ್ 7ರಂದು ಸುಪ್ರೀಂ ಕೋರ್ಟು ಆ ಭಾಗವನ್ನು ತೆಗೆದುಹಾಕಿತು. ಆದರೂ ಚುನಾವಣೆ ಉಳಿಯಿತು. ಏಕೆಂದರೆ ಚುನಾವಣಾ ಕಾನೂನನ್ನೇ ಹಿಂದಿನ ದಿನಾಂಕದಿಂದ ತಿದ್ದಲಾಗಿತ್ತು. ಆ ತಿದ್ದುಪಡಿಯನ್ನು ನ್ಯಾಯಾಲಯ ಒಪ್ಪಿತು. ಕಾಗದದಲ್ಲಿ ಸಿಂಧುವಾದದ್ದು ಜನರಲ್ಲಿ ಸಲ್ಲಲಿಲ್ಲ. 1977ರಲ್ಲಿ ಅದೇ ರಾಯಬರೇಲಿಯ ಮತದಾರರು ಅವರನ್ನು ಸೋಲಿಸಿದರು. ಮರುವರ್ಷ ಲೋಕಸಭೆಗೆ ಹಿಂತಿರುಗಲು ಅವರು ಹುಡುಕಿಕೊಂಡು ಬಂದದ್ದು ಚಿಕ್ಕಮಗಳೂರನ್ನು.

ಇದೆಲ್ಲ ದೊಡ್ಡವರ ಮಾತಾಯಿತು. ಸಿಂಧು ಎಂಬ ಪದ ಬಡವರ ಮನೆಯ ಬಾಗಿಲಿಗೆ ಬರುವುದು ಒಂದು ಪ್ರಮಾಣಪತ್ರದ ರೂಪದಲ್ಲಿ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಹುಡುಗನೋ ಹುಡುಗಿಯೋ ಸರ್ಕಾರಿ ಹುದ್ದೆಗೆ ಆಯ್ಕೆಯಾದಳೆನ್ನಿ. ತಹಸೀಲ್ದಾರರು ಕೊಟ್ಟ ಜಾತಿ ಪ್ರಮಾಣಪತ್ರ ಕೈಯಲ್ಲಿದೆ. ಅದು ಸಾಲದು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಜಾತಿ ಪರಿಶೀಲನಾ ಸಮಿತಿ ಅದನ್ನು ನೋಡಿ 'ಸಿಂಧುತ್ವ ಪ್ರಮಾಣಪತ್ರ' ಕೊಡಬೇಕು. ಪ್ರಮಾಣಪತ್ರ ನಿಜವೆಂಬುದಕ್ಕೆ ಇನ್ನೊಂದು ಪ್ರಮಾಣಪತ್ರ! ಇದನ್ನು ಬರೀ ಕೆಂಪುಪಟ್ಟಿ ಎಂದು ಹಳಿಯುವುದು ಸುಲಭ. ಆದರೆ ಸುಳ್ಳು ಪತ್ರ ತೋರಿಸಿ ಬೇರೆಯವರ ಪಾಲಿನ ಹುದ್ದೆ, ವೈದ್ಯಕೀಯ ಸೀಟು ಹೊಡೆದವರ ಪಟ್ಟಿ ದೇಶದಲ್ಲಿ ಚಿಕ್ಕದಲ್ಲ. ಕಾಡಿನಂಚಿನ ಮಗುವಿಗೆ ಹೋಗಬೇಕಾದ ಸೀಟು ಪಟ್ಟಣದ ಜಾಣನಿಗೆ ಹೋದರೆ ಆ ಮಗು ದೂರು ಕೊಡಲೂ ಬರುವುದಿಲ್ಲ. ಅದಕ್ಕೆ ಗೊತ್ತೇ ಆಗುವುದಿಲ್ಲ. ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ 1994ರಲ್ಲಿ ಸುಪ್ರೀಂ ಕೋರ್ಟು ಎಲ್ಲ ರಾಜ್ಯಗಳಿಗೂ ಪರಿಶೀಲನಾ ಸಮಿತಿಗಳ ಬಗ್ಗೆ ನಿರ್ದೇಶನ ಕೊಟ್ಟದ್ದು ಈ ಮೋಸವನ್ನು ತಡೆಯಲೆಂದೇ. ಸುಳ್ಳು ಪತ್ರದಿಂದ ಸೇರಿದವರಿಗೆ ಬಹಳ ವರ್ಷ ಸೇವೆ ಮಾಡಿದ್ದಾರೆ ಎಂಬ ಕರುಣೆ ತೋರುವಂತಿಲ್ಲ ಎಂದು 2017ರಲ್ಲಿ ಅದು ಇನ್ನೂ ಬಿಗಿಯಾಗಿ ಹೇಳಿತು.

ಸಮಿತಿಯ ಮುಂದಿರುವ ಪ್ರಶ್ನೆ ಮೇಲುನೋಟಕ್ಕೆ ಸರಳ. ಅರ್ಜಿದಾರ ಪಟ್ಟಿಯಲ್ಲಿರುವ ಪಂಗಡದವನೋ ಅಲ್ಲವೋ? ಪಟ್ಟಿ ಎಂದರೆ 1950ರಲ್ಲಿ ರಾಷ್ಟ್ರಪತಿಯವರು ಹೊರಡಿಸಿದ ಆದೇಶ. ಅದಕ್ಕೆ ಸೇರಿಸುವ, ತೆಗೆಯುವ ಅಧಿಕಾರ ಸಂಸತ್ತಿಗೆ ಮಾತ್ರ. ರಾಜ್ಯ ಸರ್ಕಾರಕ್ಕಿಲ್ಲ, ನ್ಯಾಯಾಲಯಕ್ಕೂ ಇಲ್ಲ. ಆದರೆ ಪಟ್ಟಿಯಲ್ಲಿರುವುದು ಹೆಸರುಗಳು. ಹೆಸರೆಂಬುದು ಊರಿಂದ ಊರಿಗೆ, ಬಾಯಿಂದ ಬಾಯಿಗೆ ಬದಲಾಗುವ ವಸ್ತು.

ಬೆಂಗಳೂರಿನಲ್ಲೇ ಇಂಥದೊಂದು ಪ್ರಕರಣ ನಡೆಯಿತು. 1962ರ ಚುನಾವಣೆಯಲ್ಲಿ ಬೆಂಗಳೂರು ದಕ್ಷಿಣ ಮೀಸಲು ವಿಧಾನಸಭಾ ಕ್ಷೇತ್ರದಿಂದ ಮುನಿಚಿನ್ನಪ್ಪ ಎಂಬುವರು ಗೆದ್ದರು. ಅವರು ಭೋವಿ ಎಂದು ಹೇಳಿಕೊಂಡಿದ್ದರು. ಭೋವಿ ಎಂಬುದು ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿತ್ತು. ಅವರು ಭೋವಿಯಲ್ಲ, ವಡ್ಡರ ಜಾತಿಯವರು, ಆ ಹೆಸರು ಪಟ್ಟಿಯಲ್ಲಿಲ್ಲ ಎಂದು ತಕರಾರು ಅರ್ಜಿ ಹೋಯಿತು. ವಿಷಯವೇನೆಂದರೆ, 1946ರಲ್ಲೇ ಮೈಸೂರು ಸರ್ಕಾರ ಆ ಜನರ ಕೋರಿಕೆಯ ಮೇರೆಗೆ ಜಾತಿಯ ಹೆಸರನ್ನು ಬದಲಾಯಿಸಿತ್ತು. 1964ರಲ್ಲಿ ಸುಪ್ರೀಂ ಕೋರ್ಟು ಒಂದು ತರ್ಕ ಮುಂದಿಟ್ಟಿತು. ಹಳೆಯ ಮೈಸೂರಿನಲ್ಲಿ ಭೋವಿ ಎಂಬ ಬೇರೆ ಜಾತಿಯೇ ಇರಲಿಲ್ಲ. ಇಲ್ಲದ ಜಾತಿಯನ್ನು ರಾಷ್ಟ್ರಪತಿ ಪಟ್ಟಿಗೆ ಸೇರಿಸಿರಲಾರರು. ಆದ್ದರಿಂದ ಆ ಹೆಸರು ಯಾರನ್ನು ಕುರಿತದ್ದು ಎಂದು ಸಾಕ್ಷ್ಯ ನೋಡಬಹುದು. ಮುನಿಚಿನ್ನಪ್ಪ ಅವರ ಗೆಲುವು ಉಳಿಯಿತು. ಕಲ್ಲು ಒಡೆದು, ಕೆರೆ ತೋಡಿ ನಾಡು ಕಟ್ಟಿದ ಜನ ಅವಮಾನದ ಹೆಸರು ಬೇಡವೆಂದು ಬಿಟ್ಟದ್ದಕ್ಕೆ ಹಕ್ಕನ್ನೇ ಕಳೆದುಕೊಳ್ಳುವ ಹಂತಕ್ಕೆ ಬಂದಿದ್ದರು ಎಂಬುದನ್ನು ಮರೆಯುವಂತಿಲ್ಲ.

ಆದರೆ ಈ ಬಾಗಿಲು ಎಲ್ಲರಿಗೂ ತೆರೆಯಲಿಲ್ಲ. 2000ದಲ್ಲಿ ಮಹಾರಾಷ್ಟ್ರದ ಹಲ್ಬಾ ಕೋಷ್ಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಪಟ್ಟಿಯನ್ನು ಇದ್ದಂತೆಯೇ ಓದಬೇಕು, ಇಂಥ ಹೆಸರು ಇಂಥದರ ಒಳಪಂಗಡ ಎಂದು ಸಾಕ್ಷ್ಯ ತರುವಂತಿಲ್ಲ ಎಂದು ಗಟ್ಟಿಯಾಗಿ ಹೇಳಿತು. ಆ ಪ್ರಕರಣದ ಯುವಕ ಅಷ್ಟರಲ್ಲಿ ವೈದ್ಯಕೀಯ ಓದು ಮುಗಿಸಿಬಿಟ್ಟಿದ್ದ. ಪದವಿ ಉಳಿಯಲಿ, ಮುಂದೆ ಪಂಗಡದ ಸವಲತ್ತು ಕೇಳುವಂತಿಲ್ಲ ಎಂದು ತೀರ್ಪಾಯಿತು.

ಈ ಬಿಗಿಯ ನಡುವೆ ಸಿಕ್ಕಿಕೊಂಡವರು ಬೆಟ್ಟ ಕುರುಬರು. ಚಾಮರಾಜನಗರ, ಮೈಸೂರು, ಕೊಡಗು ಜಿಲ್ಲೆಗಳ ಕಾಡಂಚಿನಲ್ಲಿ ಇರುವ, ಬಿದಿರಿನ ಬುಟ್ಟಿ ಹೆಣೆಯುವ ಜನ. ಎಲ್ಲ ಸೇರಿ ಕೆಲವೇ ಸಾವಿರ. ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಜೇನು ಕುರುಬರ ಹೆಸರಿತ್ತು, ಕಾಡು ಕುರುಬರ ಹೆಸರಿತ್ತು. ಬೆಟ್ಟ ಕುರುಬರ ಹೆಸರಿ­ರಲಿಲ್ಲ. ಕಾಡು ಕುರುಬರ ಒಂದು ಕವಲು ಬೆಟ್ಟದ ಕುರುಬರು ಎಂದು ನೂರು ವರ್ಷಗಳಿಗೂ ಹಿಂದಿನ ಮೈಸೂರು ಸೀಮೆಯ ಜನಾಂಗ ವಿವರಣೆಗಳಲ್ಲೇ ಬರೆದಿದೆ. ಸುತ್ತಲ ಹಳ್ಳಿಯವರಿಗೂ ಅವರು ಯಾರೆಂಬ ಬಗ್ಗೆ ಯಾವ ಅನುಮಾನವೂ ಇಲ್ಲ. ಆದರೆ ಕಚೇರಿಯಲ್ಲಿ ಅವರು ತಮ್ಮನ್ನು ತಾವು ಕರೆದುಕೊಳ್ಳುವ ಹೆಸರು ಹೇಳಿದ ಕೂಡಲೇ ತೊಂದರೆ. ಬಯಲುಸೀಮೆಯಲ್ಲಿ ಕುರಿ ಸಾಕುವ ಕುರುಬರು ಹಿಂದುಳಿದ ವರ್ಗದ 2ಎ ಪಟ್ಟಿಯವರು. ಗುಮಾಸ್ತನಿಗೆ ಕಾಣುವುದು ಕುರುಬ ಎಂಬ ಮೂರಕ್ಷರ. ಕಾಡು ಎಂದು ಬರೆಸಿದರೆ ಪಂಗಡ, ಬೆಟ್ಟ ಎಂದು ಬರೆಸಿದರೆ ಯಾವುದೂ ಅಲ್ಲ. ನಾಣ್ಯದ ಕಥೆಗೆ ಇದು ಪೂರ್ತಿ ತಿರುಗುಮುರುಗು. ಅಲ್ಲಿ ಸಿಂಧುವಾದದ್ದು ಸಲ್ಲಲಿಲ್ಲ. ಇಲ್ಲಿ ಲೋಕಕ್ಕೆಲ್ಲ ಸಂದವರು ಸಿಂಧುವಾಗಲಿಲ್ಲ.

ಬೇರೆ ಪಂಗಡಗಳದೂ ಇದೇ ಹಾದಿ. ನಾಯಕ ಎಂಬುದು ಪಟ್ಟಿಯಲ್ಲಿತ್ತು. ಅದೇ ಸಮುದಾಯದವರನ್ನು ಕೆಲವು ಕಡೆ ಪರಿವಾರ ಎನ್ನುತ್ತಿದ್ದರು, ಕೆಲವು ಕಡೆ ತಳವಾರ. ಆ ಎರಡು ಹೆಸರುಗಳನ್ನು ನಾಯಕದ ಪರ್ಯಾಯ ಪದಗಳೆಂದು ಸೇರಿಸಲು 2020ರವರೆಗೆ ಕಾಯಬೇಕಾಯಿತು. ಸೇರಿಸಿದ ಮೇಲೂ ತಕರಾರು ನಿಲ್ಲಲಿಲ್ಲ. ತಳವಾರ ಎಂಬುದು ಊರ ಕಾವಲಿನ ಕಸುಬಿನ ಹೆಸರೂ ಹೌದಾದ್ದರಿಂದ, ಯಾವ ತಳವಾರ ಎಂಬ ಪ್ರಶ್ನೆ ಎದ್ದಿತು.

ಬೆಟ್ಟ ಕುರುಬ ಎಂಬ ಹೆಸರನ್ನು ಕಾಡು ಕುರುಬದ ಮುಂದೆ ಪರ್ಯಾಯವಾಗಿ ಸೇರಿಸುವ ತಿದ್ದುಪಡಿ ವಿಧೇಯಕವನ್ನು ಸಂಸತ್ತು 2022ರ ಡಿಸೆಂಬರಿನಲ್ಲಿ ಅಂಗೀಕರಿಸಿತು. ಒಂದೇ ಒಂದು ಪದ. ಅದಕ್ಕೆ ರಾಜ್ಯದ ಶಿಫಾರಸು ಬೇಕು, ಭಾರತದ ರಿಜಿಸ್ಟ್ರಾರ್ ಜನರಲ್ ಅವರ ಒಪ್ಪಿಗೆ ಬೇಕು, ಪರಿಶಿಷ್ಟ ಪಂಗಡಗಳ ರಾಷ್ಟ್ರೀಯ ಆಯೋಗದ ಒಪ್ಪಿಗೆ ಬೇಕು, ಕೇಂದ್ರ ಸಂಪುಟ, ಲೋಕಸಭೆ, ರಾಜ್ಯಸಭೆ, ರಾಷ್ಟ್ರಪತಿ. ಗುಂಡ್ಲುಪೇಟೆಯ ಕಾಡಂಚಿನಿಂದ ದೆಹಲಿಗೆ ಒಂದು ಪದ ಹೋಗಿಬರಲು ಎಷ್ಟು ಬಾಗಿಲು!

ಇನ್ನುಳಿದದ್ದು ಸಮಿತಿಯ ಬಾಗಿಲು. 1994ರ ನಿರ್ದೇಶನದ ಪ್ರಕಾರ ತನಿಖೆಯವರು ಅರ್ಜಿದಾರರ ಮೂಲ ಊರಿಗೆ ಹೋಗಿ, ಆ ಪಂಗಡದ ದೇವರು ಯಾರು, ಮದುವೆ ಹೇಗೆ, ಸತ್ತವರನ್ನು ಹೂಳುವುದು ಹೇಗೆ ಎಂದೆಲ್ಲ ಕೇಳಬಹುದಾಗಿತ್ತು. ಆಶ್ರಮಶಾಲೆಯಲ್ಲಿ, ಹಾಸ್ಟೆಲಿನಲ್ಲಿ ಬೆಳೆದ ಮಗುವಿಗೆ ಅಜ್ಜಿಯ ಕಾಲದ ಆಚರಣೆ ಬಾಯಿಪಾಠ ಬಾರದಿದ್ದರೆ ಅದು ಆ ಪಂಗಡದ್ದಲ್ಲವೇ? 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ, ಈ ಆಚಾರ ವಿಚಾರದ ಪರೀಕ್ಷೆಯೇ ಕೊನೆಯ ಒರೆಗಲ್ಲಲ್ಲ ಎಂದಿತು. ಜನ ವಲಸೆ ಹೋಗುತ್ತಾರೆ, ಓದುತ್ತಾರೆ, ಬದಲಾಗುತ್ತಾರೆ. ಸಂವಿಧಾನ ಬರುವುದಕ್ಕೆ ಮೊದಲಿನ ದಾಖಲೆಗಳಿದ್ದರೆ ಅವಕ್ಕೇ ಹೆಚ್ಚು ಬೆಲೆ ಎಂಬುದು ಅದರ ನಿಲುವು.

ನಿಲುವು ಸರಿಯಾದದ್ದೇ. ಆದರೆ ಹಾಡಿಯ ಮನೆಗಳಲ್ಲಿ 1950ಕ್ಕಿಂತ ಹಿಂದಿನ ದಾಖಲೆ ಎಂದರೆ ಯಾವುದು? ಜಮೀನಿಗೆ ಪಹಣಿ ಇರಲಿಲ್ಲ, ಏಕೆಂದರೆ ಜಮೀನು ಅರಣ್ಯ ಇಲಾಖೆಯದು. ಶಾಲೆಯ ದಾಖಲಾತಿ ಪುಸ್ತಕದಲ್ಲಿ ತಾತನ ಹೆಸರಿಲ್ಲ, ಏಕೆಂದರೆ ತಾತ ಶಾಲೆಗೆ ಹೋದವನಲ್ಲ. ಅಪ್ಪನ ಹೆಸರಿದ್ದರೂ, ಅದರ ಮುಂದಿನ ಕಲಮಿನಲ್ಲಿ ಅಂದಿನ ಮೇಷ್ಟ್ರು ಹೆಚ್ಚು ಯೋಚಿಸದೆ ಬರೀ 'ಕುರುಬ' ಎಂದು ಬರೆದು ಮುಂದಿನ ಹುಡುಗನನ್ನು ಕರೆದಿದ್ದರೆ, ಆ ಒಂದು ಸಾಲನ್ನು ತಿದ್ದಿಸಿಕೊಳ್ಳಲು ಮಗಳು ಈಗ ಬೇರೊಂದು ಅರ್ಜಿ ಹಾಕಬೇಕು. ಅದಕ್ಕೆ ಬೇಕಾದ ದಾಖಲೆಗಳ ಪಟ್ಟಿಯಲ್ಲಿ ಮೊದಲನೆಯದು ಜಾತಿ ಪ್ರಮಾಣಪತ್ರ.